ಹಾಲಿನವರ ಸೈಕಲ್ಲಿನಿಂದ ಪಾತ್ ರೇಸರ್: ಸ್ಪರ್ಧೆಗೆ ಹಳೆಯ ಮಾದರಿಯ ಸೈಕಲ್ ಕಟ್ಟುವ ಬಗೆ

ಹಳೆಯ ಮಾದರಿಯ ಸೈಕಲ್ ಕಟ್ಟಲು ಹೊರಟವರು ಸಾಮಾನ್ಯವಾಗಿ ಮೊದಲು ಯೋಚಿಸುವುದು ಬಣ್ಣದ ಬಗ್ಗೆ. ನಾನೂ ಹಾಗೆಯೇ ಯೋಚಿಸಿ ಕೆಟ್ಟವನು. ಹವ್ಯಾಸಿಗಳು ತಾವು ಕಟ್ಟಿದ ಸೈಕಲ್ಲನ್ನು ತೀರ್ಪುಗಾರರ ಮುಂದಿಡುವ ಸ್ಪರ್ಧೆಗೆ ಮೊದಲ ಸಲ ಸೈಕಲ್ ಕಟ್ಟಿದಾಗ ಕಡುಹಸಿರು ಬಣ್ಣ ಬಳಿಸಿ, ಅದರ ಮೇಲೆ ಹೊನ್ನಿನ ಗೆರೆಯನ್ನೂ ಎಳೆಸಿ, ಅದಾದ ಮೇಲೆ ಚಕ್ರ ಮತ್ತು ಬ್ರೇಕು ಕೂರಿಸಲು ಹೋದೆ. ಬ್ರೇಕಿನ ತೋಳುಗಳು ರಿಮ್ಮಿಗೆ ಒಂದು ಬೆರಳಿನಷ್ಟು ದೂರದಲ್ಲೇ ನಿಂತುಬಿಟ್ಟವು. ಮುಂದಿನ ಚಕ್ರವನ್ನು ಹಿಡಿಯುವ ಫೋರ್ಕಿಗೆ ಒಂದು ತುಂಡು ಬೆಸೆಯದೆ ಬೇರೆ ದಾರಿ ಇರಲಿಲ್ಲ. ಬೆಸುಗೆಯ ಬೆಂಕಿಗೆ ಬಣ್ಣ ಹಪ್ಪಳದಂತೆ ಉಬ್ಬಿ ಎದ್ದಿತು. ಸ್ಪರ್ಧೆಯ ದಿನ ಅರ್ಧ ಕೆರೆದ ಫೋರ್ಕನ್ನೇ ಮುಂದಿಟ್ಟು ನಿಂತಿದ್ದೆ. ಅಂದಿನಿಂದ ನಾನು ಪಾಲಿಸುವ ಕ್ರಮ ಹೀಗಿದೆ: ಮೊದಲು ಇಸವಿ, ಆಮೇಲೆ ಫ್ರೇಮು, ಅದಾದ ಮೇಲೆ ಬ್ರೇಕು ಮತ್ತು ಚಕ್ರ, ಬಳಿಕ ಬರಿಮೈ ಜೋಡಣೆ, ಎಲ್ಲಕ್ಕೂ ಕೊನೆಗೆ ಬಣ್ಣ. ಈ ಲೇಖನವೂ ಅದೇ ಕ್ರಮದಲ್ಲಿ ಸಾಗುತ್ತದೆ.

ಇಸವಿಯನ್ನು ಮೊದಲು ಗೊತ್ತು ಮಾಡಿಕೊಳ್ಳಿ

‘ಹಳೆಯ ಕಾಲದ ಸೈಕಲ್’ ಎಂಬುದು ತೀರ ಅಗಲವಾದ ಮಾತು. ಕಾವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ರೋವರ್ ಸೇಫ್ಟಿ ಸೈಕಲ್ಲನ್ನು ಹೊರತಂದ ಮೇಲೆ, ಎರಡೂ ಚಕ್ರ ಹೆಚ್ಚುಕಡಿಮೆ ಒಂದೇ ಅಳತೆಯದಾಗಿ, ಚೈನು ಹಿಂದಿನ ಚಕ್ರವನ್ನು ಓಡಿಸುವ ಈಗಿನ ರೂಪ ನೆಲೆಗೊಂಡಿತು. 1888ರಲ್ಲಿ ಡನ್ಲಪ್ ಗಾಳಿ ತುಂಬಿದ ಟೈರನ್ನು ಕೊಟ್ಟ. ಅಲ್ಲಿಂದ ಎರಡನೆಯ ಮಹಾಯುದ್ಧದವರೆಗೆ ಹತ್ತಾರು ಬಗೆಯ ಸೈಕಲ್ಲುಗಳು ಬಂದವು. ಇಷ್ಟೆಲ್ಲವನ್ನೂ ಒಂದೇ ಫ್ರೇಮಿಗೆ ತುರುಕಿದರೆ ಅದು ಯಾವ ಕಾಲದ್ದೂ ಆಗುವುದಿಲ್ಲ. ಆದ್ದರಿಂದ ‘1925ರ ಸುಮಾರಿನದು’ ಎಂದೋ ‘1938ರದು’ ಎಂದೋ ಒಂದು ಇಸವಿಯನ್ನು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿ. ಯಾವ ಬಿಡಿಭಾಗ ಕೊಳ್ಳುವಾಗಲೂ ‘ಇದು ಆ ವರ್ಷ ಇತ್ತೇ?’ ಎಂದು ಕೇಳಿಕೊಳ್ಳಿ. ಉದಾಹರಣೆಗೆ, ಸ್ಟರ್ಮಿ ಆರ್ಚರ್ ಕಂಪನಿಯ ಮೂರು ಗೇರಿನ ಎ.ಡಬ್ಲ್ಯು. ಹಬ್ಬು (ಚಕ್ರದ ನಡುವಿನ ಗುಂಬ) ಬಂದದ್ದು 1936ರಲ್ಲಿ. ಅದನ್ನು 1925ರ ಸೈಕಲ್ಲಿಗೆ ಹಾಕಿದರೆ, ತಿಳಿದ ತೀರ್ಪುಗಾರರು ಹಬ್ಬಿನ ಮೈಮೇಲೆ ಒತ್ತಿರುವ ವರ್ಷದ ಅಂಕಿಗಳನ್ನು ಓದಿ ಮುಗುಳ್ನಗುತ್ತಾರೆ.

ಇಲ್ಲಿ ನಾನು ವಿವರಿಸುತ್ತಿರುವುದು ಪಾತ್ ರೇಸರ್ ಎಂಬ ಇಂಗ್ಲಿಷ್ ಮಾದರಿಯನ್ನು. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಓಟದ ಪಥದಲ್ಲಿ ಓಡಿಸುತ್ತಿದ್ದ ಹಗುರ ಸೈಕಲ್ಲುಗಳಿಗೆ ಈ ಹೆಸರು ಬಂತು. ಮಡ್‌ಗಾರ್ಡ್ ಇಲ್ಲ, ಚೈನ್ ಕವರ್ ಇಲ್ಲ, ಕ್ಯಾರಿಯರ್ ಇಲ್ಲ; ಹ್ಯಾಂಡಲ್ ಕೆಳಕ್ಕೆ ಬಾಗಿದೆ, ಸೀಟು ಎತ್ತರದಲ್ಲಿದೆ, ಗೇರು ಒಂದೇ. ನಮಗೆ ಈ ಮಾದರಿ ಹೊಂದುವುದಕ್ಕೆ ಒಂದು ವಿಶೇಷ ಕಾರಣವಿದೆ. ಇಂಗ್ಲೆಂಡಿನಲ್ಲಿ ಅಂತಹ ಫ್ರೇಮು ಈಗ ಸಂಗ್ರಾಹಕರ ಸ್ವತ್ತು. ನಮ್ಮಲ್ಲಿ ಹಾಗಲ್ಲ. ಆಸನ್ಸೋಲಿನ ಸೇನ್ ರ‍್ಯಾಲೆ, ಮದರಾಸಿನಲ್ಲಿ 1949ರಲ್ಲಿ ಆರಂಭವಾದ ಟಿ.ಐ. ಸೈಕಲ್ಸ್, ಸೋನಿಪತ್ತಿನ ಅಟ್ಲಾಸ್, ಲೂಧಿಯಾನದಲ್ಲಿ 1956ರಲ್ಲಿ ಹುಟ್ಟಿದ ಹೀರೋ ಇವೆಲ್ಲವೂ ಅದೇ ಇಂಗ್ಲಿಷ್ ರೋಡ್‌ಸ್ಟರ್ ಮಾದರಿಯನ್ನು ಹೆಚ್ಚೇನೂ ಬದಲಿಸದೆ ದಶಕಗಳ ಕಾಲ ತಯಾರಿಸಿದವು. ಹಾಲಿನವರು ಕ್ಯಾನು ತೂಗುಹಾಕಿಕೊಂಡು ಬರುತ್ತಿದ್ದ, ನಾವು ಚಿಕ್ಕಂದಿನಲ್ಲಿ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆದ ಆ ಕರಿಯ ಸೈಕಲ್ಲಿನ ಆಕಾರ ನೂರು ವರ್ಷ ಹಿಂದಿನದೇ. ಹೀಗಾಗಿ ಬೇಕಾದ ಕಚ್ಚಾವಸ್ತು ನಮ್ಮ ಗುಜರಿ ಅಂಗಡಿಗಳಲ್ಲೇ ಬಿದ್ದಿದೆ.

ಇಸವಿಯ ಜೊತೆಗೆ ಸ್ಪರ್ಧೆಯ ನಿಯಮಗಳನ್ನೂ ಎರಡು ಸಲ ಓದಿಕೊಳ್ಳಿ. ಖರ್ಚಿಗೆ ಮಿತಿ ಇದೆಯೇ, ಹೊಸ ಬಿಡಿಭಾಗ ಬಳಸಬಹುದೇ, ಕೆಲಸ ಶುರುವಾಗುವ ಮುಂಚಿನ ಫೋಟೋ ಕೊಡಬೇಕೇ, ಸೈಕಲ್ಲನ್ನು ಓಡಿಸಿ ತೋರಿಸಬೇಕೇ, ಹೊರಗಿನವರಿಂದ ಮಾಡಿಸಿದ ಕೆಲಸಕ್ಕೆ ಅಂಕ ಕಡಿಮೆಯೇ ಎಂಬ ಐದು ಪ್ರಶ್ನೆಗಳಿಗೆ ಉತ್ತರ ಸಿಗದೆ ಪಾನಾ ಕೈಗೆತ್ತಿಕೊಳ್ಳಬಾರದು.

ಫ್ರೇಮನ್ನು ಆರಿಸುವುದು

ಭಾರತದ ರೋಡ್‌ಸ್ಟರ್ ಫ್ರೇಮುಗಳು ಹೆಚ್ಚಾಗಿ 22 ಇಂಚು ಮತ್ತು 24 ಇಂಚು ಎತ್ತರದಲ್ಲಿ ಸಿಗುತ್ತವೆ. ಐದೂವರೆ ಅಡಿಯ ಆಸುಪಾಸಿನವರಿಗೆ 22 ಸಾಕು. ಹೊರೆ ಹೊರುವುದಕ್ಕೆಂದು ಮಾಡಿದ ಡಬಲ್ ಬಾರ್ ಫ್ರೇಮು ಈ ಮಾದರಿಗೆ ಒಗ್ಗುವುದಿಲ್ಲ. ಎರಡನೆಯ ಬಾರನ್ನು ಕತ್ತರಿಸಿ ಹಾಕಿದರಾಯಿತು ಎಂಬ ಆಸೆಗೂ ಬೀಳಬೇಡಿ. ಬೆಂಗಳೂರಿನ ಜಾಲಿ ಮೊಹಲ್ಲಾದಂತಹ ಗುಜರಿ ಕೇರಿಗಳಲ್ಲಿ ಹುಡುಕುವುದಕ್ಕಿಂತ ಊರಿನ ಹಳೆಯ ಸೈಕಲ್ ಶಾಪಿನ ಅಟ್ಟವನ್ನು ಹುಡುಕುವುದು ಲೇಸೆಂದು ನನ್ನ ಅನುಭವ, ಏಕೆಂದರೆ ಅಲ್ಲಿ ಆ ಸೈಕಲ್ಲು ಯಾರದ್ದಾಗಿತ್ತು, ಎಲ್ಲಿ ಬಿದ್ದಿತ್ತು ಎಂಬ ಚರಿತ್ರೆಯೂ ಸಿಗುತ್ತದೆ. ಎಲ್ಲಿ ಕೊಂಡರೂ ಫ್ರೇಮಿನ ನಂಬರು ಬರೆಸಿ, ಮಾರಿದವರ ಸಹಿ ಹಾಕಿಸಿ ಒಂದು ಚೀಟಿ ಪಡೆದುಕೊಳ್ಳಿ.

ಕೊಳ್ಳುವ ಮುಂಚೆ ಮೂರು ಪರೀಕ್ಷೆ ಮಾಡಬೇಕು. ಹ್ಯಾಂಡಲ್ ಕೂರುವ ತಲೆಕೊಳವೆಯ ಹಿಂದೆ, ಮೇಲಿನ ಮತ್ತು ಕೆಳಗಿನ ಬಾರುಗಳ ತಳಭಾಗವನ್ನು ಬೆರಳಿನಿಂದ ಸವರಿ ನೋಡಿ. ಅಲ್ಲಿ ಸಣ್ಣ ಉಬ್ಬು ಅಥವಾ ಅಡ್ಡಕ್ಕೆ ಬಿರಿದ ಬಣ್ಣ ಇದ್ದರೆ ಸೈಕಲ್ಲು ಎಲ್ಲೋ ಎದುರಿಗೆ ಗುದ್ದಿಸಿಕೊಂಡಿದೆ ಎಂದರ್ಥ. ಎರಡನೆಯದಾಗಿ, ಹಿಂದಿನ ಆಕ್ಸಲ್ ಕೂರುವ ಒಂದು ಕಡೆಯ ಸೀಳಿಗೆ ದಾರ ಕಟ್ಟಿ, ತಲೆಕೊಳವೆಯನ್ನು ಸುತ್ತಿಸಿ ತಂದು, ಇನ್ನೊಂದು ಸೀಳಿಗೆ ಬಿಗಿಯಾಗಿ ಕಟ್ಟಿ. ಸೀಟಿನ ಕೊಳವೆಗೂ ದಾರಕ್ಕೂ ನಡುವಿನ ಅಂತರವನ್ನು ಎರಡೂ ಮಗ್ಗುಲಲ್ಲಿ ಅಳೆಯಿರಿ. ವ್ಯತ್ಯಾಸ 2 ಮಿ.ಮೀ. ಮೀರಿದರೆ ಹಿಂಭಾಗ ಒಂದು ಕಡೆಗೆ ವಾಲಿದೆ. ಉಕ್ಕಿನ ಫ್ರೇಮಾದ್ದರಿಂದ ಅನುಭವಿಗಳು ಅದನ್ನು ಬಗ್ಗಿಸಿ ಸರಿಮಾಡಬಲ್ಲರು, ಆದರೆ ಬೆಲೆಯಲ್ಲಿ ಅಷ್ಟು ಕಳೆಯಬೇಕು. ಮೂರನೆಯದಾಗಿ, ಸೀಟಿನ ಕಂಬ ಅಲುಗುತ್ತದೆಯೇ ನೋಡಿ. ಅದು ತುಕ್ಕಿನಿಂದ ಕಚ್ಚಿಕೊಂಡಿದ್ದರೆ ಎಣ್ಣೆ ಬಿಟ್ಟು ವಾರಗಟ್ಟಲೆ ಕಾಯಬೇಕಾಗುತ್ತದೆ.

ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಮೂಲ ಬಣ್ಣ, ಮೂಲ ಗೆರೆ, ಮೂಲ ಬಿಲ್ಲೆ ಉಳಿದಿರುವ ನಾಟಿಂಗ್‌ಹ್ಯಾಮಿನ ರ‍್ಯಾಲೆಯೋ ಹಂಬರೋ ನಿಮ್ಮ ಕೈಗೆ ಸಿಕ್ಕರೆ ದಯವಿಟ್ಟು ಅದನ್ನು ಬಿಚ್ಚಿ ಪಾತ್ ರೇಸರ್ ಮಾಡಬೇಡಿ. ಒರೆಸಿ, ಎಣ್ಣೆ ಹಾಕಿ, ಹಾಗೆಯೇ ಓಡಿಸಿ. ನಮ್ಮ ಕೆಲಸಕ್ಕೆ ಬೇಕಾದದ್ದು ಬಣ್ಣವೂ ಹೋದ, ಹೆಸರೂ ಹೋದ ಅನಾಥ ಫ್ರೇಮು.

ಬಿಚ್ಚುವುದು, ತುಕ್ಕು ತೆಗೆಯುವುದು

ಬಿಚ್ಚುವ ಪ್ರತಿ ಹಂತದ ಫೋಟೋ ತೆಗೆದಿಡಿ. ಸ್ಪರ್ಧೆಗೂ ಬೇಕು, ನಿಮ್ಮ ನೆನಪಿಗೂ ಬೇಕು. ಎಡಗಡೆಯ ಪೆಡಲಿನ ಮರೆ, ಅಂದರೆ ತಿರುಪಿನ ಸುರುಳಿಗೆರೆ (ಥ್ರೆಡ್), ಎಡಕ್ಕೆ ತಿರುಗುವಂಥದ್ದು. ಗೊಂದಲವಾದರೆ ಒಂದೇ ಸೂತ್ರ ನೆನಪಿಡಿ: ಪಾನಾವನ್ನು ಪೆಡಲಿನಿಂದ ನೇರ ಮೇಲಕ್ಕೆ ನಿಲ್ಲಿಸಿ ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಪೆಡಲು ಸಡಿಲವಾಗುತ್ತವೆ. ಹಾಗೆಯೇ ಪೆಡಲುಗಳ ಆಕ್ಸಲ್ ತಿರುಗುವ ಇಂಗ್ಲಿಷ್ ಕ್ರಮದ ಬಾಟಮ್ ಬ್ರಾಕೆಟ್ಟಿನಲ್ಲಿ, ಚೈನ್ ಚಕ್ರವಿರುವ ಬಲಗಡೆಯ ಕಪ್ಪಿನ (ಬಾಲ್ಸ್ ಕೂರುವ ಬಟ್ಟಲಿನ) ಮರೆಯೂ ಉಲ್ಟಾ. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಅದು ಹೊರಬರುತ್ತದೆ. ಇದನ್ನು ತಿಳಿಯದೆ ಜೋರು ಮಾಡಿ ಮರೆ ಕಿತ್ತುಹಾಕಿದವರನ್ನು ನಾನು ಕಂಡಿದ್ದೇನೆ.

ಎಲ್ಲಕ್ಕಿಂತ ಕಷ್ಟದ್ದು ಕ್ರ್ಯಾಂಕನ್ನು, ಅಂದರೆ ಪೆಡಲಿನ ತೋಳನ್ನು, ಆಕ್ಸಲ್ಲಿಗೆ ಬಿಗಿಯುವ ಬೆಣೆಯಾದ ಕಾಟರ್ ಪಿನ್. ಅದರ ನಟ್ಟನ್ನು ಪಿನ್ನಿನ ತುದಿಗೆ ಸಮನಾಗುವವರೆಗೆ ಮಾತ್ರ ಸಡಿಲಿಸಿ, ಕ್ರ್ಯಾಂಕಿನ ಕೆಳಗೆ ನೆಲದವರೆಗೆ ಒಂದು ದಪ್ಪ ಕಬ್ಬಿಣದ ಪೈಪನ್ನು ಆನಿಸಿ ನಿಲ್ಲಿಸಿ, ಪಿನ್ನು ಪೈಪಿನ ಬಾಯಿಯೊಳಕ್ಕೆ ಇಳಿಯುವಂತೆ ಹೊಂದಿಸಿ, ಭಾರವಾದ ಸುತ್ತಿಗೆಯಿಂದ ಒಂದೇ ಒಂದು ನಿಖರವಾದ ಪೆಟ್ಟು ಕೊಡಬೇಕು. ಹತ್ತು ಮೆಲುಪೆಟ್ಟು ಕೊಟ್ಟರೆ ಪಿನ್ನಿನ ತುದಿ ಅಣಬೆಯಂತೆ ಅರಳುತ್ತದೆಯೇ ಹೊರತು ಹೊರಬರುವುದಿಲ್ಲ. ಆಧಾರವಿಲ್ಲದೆ ಹೊಡೆದರೆ ಪೆಟ್ಟೆಲ್ಲ ಒಳಗಿನ ಬಾಲ್ಸ್ ಮತ್ತು ಕಪ್ಪಿಗೆ ಬೀಳುತ್ತದೆ. ಬಾಲ್ಸ್‌ಗಳನ್ನಂತೂ ಹೇಗೂ ಹೊಸದು ಹಾಕಬೇಕು. ಬಾಟಮ್ ಬ್ರಾಕೆಟ್ಟಿಗೂ ಹಿಂದಿನ ಹಬ್ಬಿಗೂ ಸಾಮಾನ್ಯವಾಗಿ ಕಾಲು ಇಂಚಿನವು, ಮುಂದಿನ ಹಬ್ಬಿಗೆ 3/16 ಇಂಚಿನವು ಕೂರುತ್ತವೆ. ಆದರೂ ಹಳೆಯದನ್ನು ಒಂದೊಂದು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗುವುದು ಜಾಣತನ. ಅಂದ ಹಾಗೆ, ನಮ್ಮ ಸೈಕಲ್ ಶಾಪುಗಳ ಬೋರ್ಡಿನಲ್ಲಿ ಈ ಕೆಲಸಕ್ಕೆ ‘ಓವರಾಯಿಲಿಂಗ್’ ಎಂದು ಬರೆದಿರುವುದನ್ನು ನೋಡಿರುತ್ತೀರಿ. ಪದ ತಪ್ಪಿರಬಹುದು, ಆದರೆ ಎಣ್ಣೆ ಸ್ವಲ್ಪ ಹೆಚ್ಚೇ ಆಗಲಿ ಎಂಬ ಭಾವ ಸರಿಯಾಗಿದೆ.

ಕ್ರೋಮಿನ ಭಾಗಗಳ ತುಕ್ಕನ್ನು ಮರಳುಕಾಗದದಿಂದ ಉಜ್ಜಬೇಡಿ. ಚಾಕೊಲೇಟಿನ ಬೆಳ್ಳಿ ಕಾಗದವನ್ನು ಉಂಡೆ ಮಾಡಿ ನೀರಿನಲ್ಲಿ ಅದ್ದಿ ಉಜ್ಜಿದರೆ ಮೇಲಿನ ತುಕ್ಕು ಬಿಡುತ್ತದೆ, ಕ್ರೋಮಿಗೆ ಗೀರು ಬೀಳುವುದಿಲ್ಲ. ಆಳವಾದ ತುಕ್ಕಿಗೆ ಆಕ್ಸಾಲಿಕ್ ಆಸಿಡ್ ಒಳ್ಳೆಯದು. ಕಲ್ಲಿನ ನೆಲಕ್ಕೆ ಪಾಲಿಶ್ ಹಾಕುವವರು ಬಳಸುವ ಈ ಪುಡಿಯನ್ನು ಲೀಟರ್ ನೀರಿಗೆ 25ರಿಂದ 30 ಗ್ರಾಂನಷ್ಟು ಬೆರೆಸಿ, ಭಾಗಗಳನ್ನು ಒಂದು ರಾತ್ರಿ ಮುಳುಗಿಸಿಟ್ಟು, ಬೆಳಿಗ್ಗೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ತಕ್ಷಣ ಒಣಗಿಸಿ ಎಣ್ಣೆ ಸವರಬೇಕು. ಇದು ವಿಷ: ಕೈಗವಸು ಮತ್ತು ಕನ್ನಡಕ ಕಡ್ಡಾಯ, ಅಡುಗೆಮನೆಯ ಪಾತ್ರೆ ಸಲ್ಲದು, ಮಕ್ಕಳು ಓಡಾಡುವಲ್ಲಿ ಬಕೆಟ್ ಇಡುವುದಂತೂ ಸಲ್ಲವೇ ಸಲ್ಲದು. ಅಲ್ಯೂಮಿನಿಯಂ ಭಾಗ, ಸೀಟಿನ ಸ್ಪ್ರಿಂಗು, ಚೈನು ಇವನ್ನು ಆಸಿಡ್ಡಿನಲ್ಲಿ ನೆನೆಹಾಕಬಾರದು. ಹಿತ್ತಾಳೆಯ ಗಂಟೆಗೆ ಇದಾವುದೂ ಬೇಡ. ದೇವರ ಮನೆಯ ದೀಪಕ್ಕೆ ಮಾಡುವಂತೆ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಸಾಕು.

ಬ್ರೇಕು: ಈ ಕೆಲಸದ ನಿಜವಾದ ಗಂಟು

ರೋಡ್‌ಸ್ಟರಿನ ರಾಡ್ ಬ್ರೇಕಿನಲ್ಲಿ ಹಿಡಿಕೆಯನ್ನು ಒತ್ತಿದಾಗ ರಬ್ಬರು ತುಂಡುಗಳು ಮೇಲಕ್ಕೆಳೆಯಲ್ಪಟ್ಟು ರಿಮ್ಮಿನ ಒಳಮುಖಕ್ಕೆ, ಅಂದರೆ ಹಬ್ಬಿನ ಕಡೆಗೆ ನೋಡುವ ಮೈಗೆ, ತಾಗುತ್ತವೆ. ಅದಕ್ಕೆಂದೇ ರೂಪಿಸಿದ ವೆಸ್ಟ್‌ವುಡ್ ರಿಮ್ಮಿನ ಮಗ್ಗುಲು ದುಂಡಾಗಿರುತ್ತದೆ. ಆದ್ದರಿಂದ ಅಕ್ಕಪಕ್ಕದಿಂದ ಹಿಡಿಯುವ ಕ್ಯಾಲಿಪರ್ ಬ್ರೇಕು ಅದಕ್ಕೆ ಹೊಂದುವುದಿಲ್ಲ. ಇನ್ನೊಂದು ಕಡೆ, ರಾಡ್ ಬ್ರೇಕಿನ ಹಿಡಿಕೆಗಳು ಹ್ಯಾಂಡಲ್ಲಿಗೇ ಅಂಟಿಕೊಂಡಿರುವುದರಿಂದ, ಹ್ಯಾಂಡಲ್ಲನ್ನು ತಲೆಕೆಳಗು ಮಾಡಿದರೆ ಬ್ರೇಕು ಉಳಿಯುವುದಿಲ್ಲ. ಹ್ಯಾಂಡಲ್ ಬಗ್ಗಿಸದೆ ಪಾತ್ ರೇಸರ್ ಆಗದು, ಬಗ್ಗಿಸಿದರೆ ಬ್ರೇಕಿಲ್ಲ, ಬ್ರೇಕು ಬದಲಿಸಿದರೆ ರಿಮ್ಮು ಬದಲಿಸಬೇಕು. ಒಂದು ಎಳೆ ಎಳೆದರೆ ಇಡೀ ಹೊಲಿಗೆ ಬಿಚ್ಚಿಕೊಳ್ಳುತ್ತದೆ.

ನಾನು ಒಪ್ಪಿಕೊಂಡ ದಾರಿ ಇದು: ಹಿಂದಕ್ಕೆ ಪೆಡಲನ್ನು ಒತ್ತಿ ತುಳಿದರೆ ಹಿಡಿಯುವ ಕೋಸ್ಟರ್ ಬ್ರೇಕಿನ ಹಬ್ಬು ಹಿಂದಿನ ಚಕ್ರಕ್ಕೆ, ಉದ್ದ ತೋಳಿನ ಒಂದು ಕ್ಯಾಲಿಪರ್ ಮುಂದಿನ ಚಕ್ರಕ್ಕೆ. ಕೋಸ್ಟರ್ ಬ್ರೇಕು 1890ರ ದಶಕದ ಕೊನೆಯಲ್ಲೇ ಬಂದಿತ್ತು, ಕ್ಯಾಲಿಪರನ್ನು ಎಳೆಯುವ ಬೌಡನ್ ಕೇಬಲ್ಲಿಗೆ ಪೇಟೆಂಟ್ ಸಿಕ್ಕಿದ್ದು 1896ರಲ್ಲಿ. ಹೀಗಾಗಿ 1925ರ ಸೈಕಲ್ಲಿನ ಮೇಲೆ ಎರಡಕ್ಕೂ ಜಾಗವಿದೆ. ಕೋಸ್ಟರ್ ಹಬ್ಬಿನ ಎಡಗಡೆಯ ಉಕ್ಕಿನ ತೋಳನ್ನು ಪಟ್ಟಿ ಹಾಕಿ ಫ್ರೇಮಿಗೆ ಬಿಗಿಯಲೇಬೇಕು. ಅದು ಬಿಚ್ಚಿಹೋದರೆ ಬ್ರೇಕು ಹಿಡಿಯುವುದಿಲ್ಲ, ತೋಳು ಕಡ್ಡಿಗಳಿಗೆ ಸಿಕ್ಕಿಕೊಂಡು ಚಕ್ರವೇ ಹಾಳಾಗಬಹುದು. ಉದ್ದದ ಇಳಿಜಾರಿನಲ್ಲಿ ಈ ಹಬ್ಬು ಕಾದು ಒಳಗಿನ ಗ್ರೀಸು ಸುಡುತ್ತದೆ. ಆಗುಂಬೆ ಘಾಟಿಯಂತಹ ಕಡೆ ಇಳಿಸಲು ಇದು ಹೇಳಿ ಮಾಡಿಸಿದ ಸೈಕಲ್ಲಲ್ಲ. ಮುಂದಿನ ಬ್ರೇಕನ್ನು ಅಂದಕ್ಕೆ ಅಡ್ಡಿಯೆಂದು ಬಿಡುವವರಿದ್ದಾರೆ. ಅವರ ಮಾತು ಕೇಳಬೇಡಿ. ಕ್ಯಾಲಿಪರ್ ಕೊಳ್ಳುವ ಮುಂಚೆ, ಫೋರ್ಕಿನ ನೆತ್ತಿಯ ತೂತಿನ ಮಧ್ಯದಿಂದ ರಿಮ್ಮಿನ ಮಗ್ಗುಲಿನ ಮಧ್ಯದವರೆಗೆ ಅಳೆದು, ಆ ಅಳತೆಗೆ ತಕ್ಕ ತೋಳಿನದನ್ನೇ ಕೇಳಿ. ನಾನು ಮೊದಲ ಸಲ ಅಳೆಯದೆ ಬಿಟ್ಟದ್ದು ಇದನ್ನೇ.

ಚಕ್ರ ಕಟ್ಟುವುದು

ರೋಡ್‌ಸ್ಟರಿನ 28 ಇಂಚಿನ ಚಕ್ರದಲ್ಲಿ ಟೈರಿನ ಅಂಚು ಕೂರುವ ವ್ಯಾಸ 635 ಮಿ.ಮೀ. ಮಗ್ಗುಲು ಚಪ್ಪಟೆಯಾಗಿರುವ ರಿಮ್ಮು ಈ ಅಳತೆಯಲ್ಲಿ ಸಿಗುವುದು ಅಪರೂಪ. ಈಗ ಎಲ್ಲೆಡೆ ಸಿಗುವ 700 ಸಿ ರಿಮ್ಮಿನಲ್ಲಿ ಆ ವ್ಯಾಸ 622 ಮಿ.ಮೀ. ವ್ಯಾಸದಲ್ಲಿ 13 ಮಿ.ಮೀ. ಕಡಿಮೆಯೆಂದರೆ ಬ್ರೇಕಿನ ರಬ್ಬರು ಆರೂವರೆ ಮಿ.ಮೀ. ಕೆಳಗಿಳಿಯಬೇಕು, ಕಣ್ಣಿಗೆ ಮಾತ್ರ ವ್ಯತ್ಯಾಸ ತಿಳಿಯುವುದಿಲ್ಲ. 38 ಮಿ.ಮೀ. ದಪ್ಪದ ಕೆನೆಬಣ್ಣದ ಟೈರು ಹಾಕಿದರೆ ಹಳೆಯ ಚಿತ್ರಗಳಲ್ಲಿ ಕಾಣುವ ಆ ತುಂಬಿದ ನೋಟ ಬರುತ್ತದೆ. ಇಂಗ್ಲಿಷ್ ರೋಡ್‌ಸ್ಟರುಗಳಲ್ಲಿ ಮುಂದೆ 32, ಹಿಂದೆ 40 ಕಡ್ಡಿ ಇರುತ್ತಿದ್ದವು. ಹೊಸ ಹಬ್ಬು ರಿಮ್ಮುಗಳಲ್ಲಿ 36ರ ಜೋಡಿ ಸುಲಭವಾಗಿ ಸಿಗುವುದರಿಂದ ನಾನು ಅದಕ್ಕೇ ಒಪ್ಪಿದೆ. ಹೊಸ ಮುಂಹಬ್ಬಿನ ಅಗಲ 100 ಮಿ.ಮೀ. ಇರುತ್ತದೆ, ಹಳೆಯ ಫೋರ್ಕು ಅದಕ್ಕಿಂತ ಇಕ್ಕಟ್ಟು. ಹಬ್ಬು ಕೊಳ್ಳುವಾಗ ಫೋರ್ಕಿನ ಒಳ ಅಂತರವನ್ನೂ ಆಕ್ಸಲ್ಲಿನ ದಪ್ಪವನ್ನೂ ಅಳೆದುಕೊಂಡು ಹೋಗಿ.

ಕಡ್ಡಿ ಹೆಣೆಯುವ ಕೆಲಸವನ್ನು ನೀವೇ ಮಾಡಿ. ಒಂದು ಭಾನುವಾರ ಹಿಡಿದರೂ ಅಡ್ಡಿಯಿಲ್ಲ. ಹಬ್ಬಿನ ಬಲಬಿಲ್ಲೆಯ 18 ತೂತುಗಳಲ್ಲಿ ಒಂದು ಬಿಟ್ಟು ಒಂದಕ್ಕೆ ಹೊರಗಿನಿಂದ ಒಳಕ್ಕೆ ಒಂಬತ್ತು ಕಡ್ಡಿ ಇಳಿಸಿ, ಗಾಳಿ ತುಂಬುವ ವಾಲ್ವಿನ ತೂತಿನ ಪಕ್ಕದಿಂದ ಶುರುಮಾಡಿ, ರಿಮ್ಮಿನಲ್ಲಿ ನಾಲ್ಕನೆಯ ತೂತಿಗೊಂದರಂತೆ ಸೇರಿಸಿ. ಎಡಬಿಲ್ಲೆಯ ಒಂಬತ್ತನ್ನು ಅವುಗಳ ಪಕ್ಕದ ತೂತುಗಳಿಗೆ ಸೇರಿಸಿ. ಈಗ ಹಬ್ಬನ್ನು ಕೈಯಿಂದ ತಿರುಚಿದರೆ ಕಡ್ಡಿಗಳೆಲ್ಲ ಒಂದೇ ಕಡೆಗೆ ವಾಲುತ್ತವೆ. ಉಳಿದ ಹದಿನೆಂಟನ್ನು ಒಳಗಿನಿಂದ ಹೊರಕ್ಕೆ ತೂರಿಸಿ, ಎದುರು ದಿಕ್ಕಿಗೆ ಬಾಗಿಸಿ, ಅದೇ ಮಗ್ಗುಲಿನ ಮೂರು ಕಡ್ಡಿಗಳನ್ನು ದಾಟಿಸಬೇಕು: ಮೊದಲ ಎರಡನ್ನು ಹೊರಗಿನಿಂದ, ಮೂರನೆಯದನ್ನು ಒಳಗಿನಿಂದ. ಚಾಪೆ ಹೆಣೆದವರಿಗೆ ಇದು ಹೊಸದೇನಲ್ಲ. ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್ಟುಗಳಾದ ನಿಪ್ಪಲ್ಲುಗಳೆಲ್ಲವನ್ನೂ ಕಡ್ಡಿಯ ಮರೆ ಕಣ್ಮರೆಯಾಗುವಷ್ಟು ಸಮನಾಗಿ ತಿರುಗಿಸಿ, ಅಲ್ಲಿಂದ ಮುಂದೆ ಒಂದೊಂದು ಸುತ್ತಿನಲ್ಲೂ ಅರ್ಧ ತಿರುವಿನಂತೆ ಬಿಗಿಮಾಡುತ್ತ ಹೋಗಿ.

ಬೆಂಡು ತೆಗೆಯುವಾಗ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ, ಫೋರ್ಕಿಗೆ ಒಂದು ಪ್ಲಾಸ್ಟಿಕ್ ಪಟ್ಟಿ ಕಟ್ಟಿ ಅದರ ತುದಿಯನ್ನೇ ಗುರುತಾಗಿ ಇಟ್ಟುಕೊಂಡರೆ ಬೇರೆ ಸ್ಟ್ಯಾಂಡು ಬೇಕಿಲ್ಲ. ಮೊದಲು ಮೇಲೆ ಕೆಳಗೆ ಕುಣಿಯುವುದನ್ನು ಸರಿಪಡಿಸಿ, ಆಮೇಲೆ ಅಡ್ಡಕ್ಕೆ ಅಲೆಯುವುದನ್ನು ಸರಿಪಡಿಸಿ. ಒಂದು ಸಲಕ್ಕೆ ಕಾಲು ತಿರುವಿಗಿಂತ ಹೆಚ್ಚು ಬೇಡ. ಎರಡೂ 1 ಮಿ.ಮೀ.ಗಿಂತ ಒಳಗೆ ಬಂದರೆ ಸಾಕು. ನಡುನಡುವೆ ಜೋಡಿ ಕಡ್ಡಿಗಳನ್ನು ಮುಷ್ಟಿಯಲ್ಲಿ ಹಿಡಿದು ಗಟ್ಟಿಯಾಗಿ ಹಿಂಡಿ. ಟಿಣ್ ಟಿಣ್ ಎಂದು ಸದ್ದು ಮಾಡಿ ಅವು ತಮ್ಮ ಜಾಗದಲ್ಲಿ ಕೂರುತ್ತವೆ. ಹಾಗೆ ಕೂರದಿದ್ದರೆ ಮೊದಲ ಸವಾರಿಯಲ್ಲೇ ಸಡಿಲಾಗುತ್ತವೆ. ನನಗೆ ಈ ವಿದ್ಯೆ ಹೇಳಿಕೊಟ್ಟ ಸೈಕಲ್ ಶಾಪಿನ ಮೇಸ್ತ್ರಿ ಯಾವ ಅಳತೆಗೋಲನ್ನೂ ಮುಟ್ಟುತ್ತಿರಲಿಲ್ಲ. ಕಡ್ಡಿಗಳನ್ನು ಒಂದೊಂದಾಗಿ ಮೀಟುತ್ತ, ‘ಕೇಳಿ ಸಾರ್, ಇದು ತಗ್ಗಿದೆ, ಇದಕ್ಕೆ ಅರ್ಧ ಕೊಡಿ’ ಎನ್ನುತ್ತಿದ್ದರು. ಒಂದೇ ಮಗ್ಗುಲಿನ ಕಡ್ಡಿಗಳೆಲ್ಲ ತಂಬೂರಿಯ ತಂತಿಗಳಂತೆ ಹೆಚ್ಚುಕಡಿಮೆ ಒಂದೇ ಶ್ರುತಿಯಲ್ಲಿ ನುಡಿದರೆ ಚಕ್ರ ವರ್ಷಗಟ್ಟಲೆ ನಿಲ್ಲುತ್ತದೆ.

ಹಲ್ಲಿನ ಲೆಕ್ಕ

ಒಂದೇ ಗೇರಿನ ಸೈಕಲ್ಲಿಗೆ ಹಲ್ಲಿನ ಲೆಕ್ಕ ತಪ್ಪಿದರೆ ಮತ್ತೆ ಸರಿಪಡಿಸಲು ದಾರಿ ಕಡಿಮೆ. ಮುಂದೆ 44 ಹಲ್ಲು, ಹಿಂದೆ 18 ಹಲ್ಲು, ಟೈರು ಸೇರಿ ಸುಮಾರು 27.5 ಇಂಚಿನ ಚಕ್ರ ಎಂದಿಟ್ಟುಕೊಂಡರೆ, 44ನ್ನು 18ರಿಂದ ಭಾಗಿಸಿ 27.5ರಿಂದ ಗುಣಿಸಿದಾಗ 67 ಇಂಚಿನ ಗೇರು ಸಿಗುತ್ತದೆ. ಅಂದರೆ ಪೆಡಲು ಒಂದು ಸುತ್ತು ಬಂದರೆ ಸೈಕಲ್ಲು ಸುಮಾರು 5.4 ಮೀಟರ್ ಸಾಗುತ್ತದೆ. ನಿಮಿಷಕ್ಕೆ 75 ಸುತ್ತು ತುಳಿದರೆ ಗಂಟೆಗೆ 24 ಕಿ.ಮೀ. ವೇಗ. ಸಮತಟ್ಟಾದ ಊರಿಗೆ ಇದು ಹಿತವಾದ ಅಳತೆ. 48 ಹಲ್ಲು ಹಾಕಿದರೆ 73 ಇಂಚಾಗಿ ದಿಬ್ಬದಲ್ಲಿ ಮಂಡಿ ಬೈಯುತ್ತದೆ. ನಿಮ್ಮ ಇಸವಿ 1936 ಅಥವಾ ಆಮೇಲಿನದಾಗಿದ್ದು ಮೂರು ಗೇರಿನ ಹಬ್ಬು ಹಾಕುವುದಾದರೆ, ಕೆಳಗಿನ ಗೇರು ಕಾಲು ಭಾಗ ಕಡಿಮೆಯಾಗುತ್ತದೆ, ಮೇಲಿನದು ಮೂರನೆಯ ಒಂದು ಭಾಗ ಹೆಚ್ಚುತ್ತದೆ. ಆಗ ಕೋಸ್ಟರ್ ಬ್ರೇಕು ಇರುವುದಿಲ್ಲವಾದ್ದರಿಂದ ಹಿಂದಕ್ಕೂ ಒಂದು ಕ್ಯಾಲಿಪರ್ ಬೇಕು. ಚೈನು ಅರ್ಧ ಇಂಚಿನ ಕೊಂಡಿ, 1/8 ಇಂಚು ಅಗಲದ್ದು. ಮುಂದಿನ ಹಲ್ಲುಚಕ್ರದ ಮೈಗೆ ಉದ್ದನೆಯ ಸ್ಕೇಲನ್ನು ಆನಿಸಿ ನೋಡಿ. ಅದು ಹಿಂದಿನ ಹಲ್ಲುಚಕ್ರದ ಸಾಲಿಗೇ ಹೋಗಿ ಮುಟ್ಟಬೇಕು.

ಬರಿಮೈ ಜೋಡಣೆ

ಬಣ್ಣವಿಲ್ಲದ ಫ್ರೇಮಿನ ಮೇಲೆ ಸೈಕಲ್ಲನ್ನು ಪೂರ್ತಿಯಾಗಿ, ಕೇಬಲ್ಲು ಗಂಟೆಗಳನ್ನೂ ಬಿಡದೆ, ಒಮ್ಮೆ ಜೋಡಿಸಬೇಕು. ಅಷ್ಟೇ ಅಲ್ಲ, ಅದನ್ನು ಹೊರಗೆ ಒಯ್ದು ಕನಿಷ್ಠ 20 ಕಿ.ಮೀ. ಓಡಿಸಬೇಕು. ನೆರೆಹೊರೆಯವರು ‘ಇದೇನು, ತುಕ್ಕು ಹಿಡಿದ ಸೈಕಲ್ಲಿನಲ್ಲಿ ಹೊರಟಿರಿ?’ ಎಂದು ಕೇಳುತ್ತಾರೆ, ಕೇಳಲಿ. ತಲೆಕೆಳಗಾಗಿಸಿದ ಹ್ಯಾಂಡಲ್ಲಿನ ಹಿಡಿಗೆ ತುಳಿಯುವಾಗ ಮಂಡಿ ತಾಗುವುದೇ, ಟೈರು ಫೋರ್ಕಿನ ನೆತ್ತಿಗೆ ಉಜ್ಜುವುದೇ, ಸೀಟಿನ ಕಂಬ ಸಾಕಷ್ಟು ಒಳಗಿದೆಯೇ ಎಂಬುದೆಲ್ಲ ತಿಳಿಯುವುದು ಆಗಲೇ. ಹ್ಯಾಂಡಲ್ಲಿನ ಕಂಬವಾಗಲಿ ಸೀಟಿನ ಕಂಬವಾಗಲಿ ಕನಿಷ್ಠ 65 ಮಿ.ಮೀ. ಕೊಳವೆಯೊಳಗೆ ಇರಲೇಬೇಕು. ಬೆಸುಗೆಯ ಕೆಲಸ ಯಾವುದಾದರೂ ಉಳಿದಿದ್ದರೆ ಈಗಲೇ ಮುಗಿಸಿ. ಲಗ್ಗುಗಳಿರುವ, ಅಂದರೆ ಕೊಳವೆಗಳು ಕೂಡುವಲ್ಲಿ ಉಕ್ಕಿನ ಕವಚಗಳಿರುವ, ಫ್ರೇಮಿಗೆ ಹಿತ್ತಾಳೆ ಅಥವಾ ಬೆಳ್ಳಿಯ ಬೆಸುಗೆಯೇ ಸರಿ. ಹಿತ್ತಾಳೆಗೆ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವು ಬೇಕು, ಬೆಳ್ಳಿಯ ಮಿಶ್ರಲೋಹಕ್ಕೆ 650ರಿಂದ 700 ಸಾಕಾಗುವುದರಿಂದ ತೆಳುವಾದ ಕೊಳವೆಗೆ ಅದು ಹೆಚ್ಚು ಸೌಮ್ಯ. ಗೇಟು ಗ್ರಿಲ್ಲುಗಳಿಗೆ ಮಾಡುವ ಆರ್ಕ್ ವೆಲ್ಡಿಂಗನ್ನು ಈ ಕೊಳವೆಗಳ ಹತ್ತಿರಕ್ಕೂ ತರಬೇಡಿ.

ಸೀಟು, ಹಿಡಿ, ಬಿಲ್ಲೆ

ಕೈಕೆಲಸದ ಅಂಕಗಳು ಬರುವುದು ಇಲ್ಲಿ, ಮತ್ತು ನಮ್ಮ ನಾಡಿನ ಕಸುಬುಗಳು ನೆರವಿಗೆ ಬರುವುದೂ ಇಲ್ಲೇ. ಹಳೆಯ ರೋಡ್‌ಸ್ಟರ್ ಸೀಟಿನ ಕಬ್ಬಿಣದ ಚೌಕಟ್ಟು ಗಟ್ಟಿಯಾಗಿದ್ದರೆ ಅದಕ್ಕೆ ಹೊಸ ಚರ್ಮ ಹೊದಿಸಬಹುದು. ಬೇಕಾದದ್ದು ಗಿಡಮರಗಳ ತೊಗಟೆ ಮತ್ತು ಕಾಯಿಗಳಿಂದ ಹದ ಮಾಡಿದ, ಸುಮಾರು 5 ಮಿ.ಮೀ. ದಪ್ಪದ ಚರ್ಮ. ಅಥಣಿ, ನಿಪ್ಪಾಣಿ ಕಡೆ ಕೊಲ್ಹಾಪುರಿ ಚಪ್ಪಲಿ ಮಾಡುವವರಲ್ಲಿ ಅಂತಹ ಚರ್ಮ ಸಿಗುತ್ತದೆ. ಆ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಗುರುತಿನಲ್ಲಿ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿವೆ. ಚರ್ಮವನ್ನು ಉಗುರುಬೆಚ್ಚನೆಯ ನೀರಿನಲ್ಲಿ ಮೆತ್ತಗಾಗುವವರೆಗೆ ನೆನೆಸಿ, ಮರದ ಅಚ್ಚಿನ ಮೇಲೆ ಎಳೆದು ಮೊಳೆ ಹೊಡೆದು, ನೆರಳಿನಲ್ಲಿ ಮೂರು ನಾಲ್ಕು ದಿನ ಒಣಗಿಸಿ, ಆಮೇಲೆ ಕತ್ತರಿಸಿ ತಾಮ್ರದ ರಿವಿಟ್ಟಿನಿಂದ ಬಿಗಿಯಬೇಕು. ಬಿಸಿಲಿಗಿಟ್ಟರೆ ಬಿರಿಯುತ್ತದೆ. ಎಣ್ಣೆಯಲ್ಲಿ ನೆನೆಸಿದರೆ ತೊಟ್ಟಿಲಿನಂತೆ ಜೋಲುತ್ತದೆ.

ಹಿಡಿಗಳಿಗೆ ಚನ್ನಪಟ್ಟಣದ ಕುಶಲಕರ್ಮಿಗಳಿಂದ ಆಲೆ ಮರದಲ್ಲಿ ಕಡೆಸಿ ಅರಗಿನ ಬಣ್ಣ ಕೊಡಿಸಬಹುದು. ಒಳತೂತು ಹ್ಯಾಂಡಲ್ಲಿನ ಹೊರವ್ಯಾಸಕ್ಕೆ, ಅಂದರೆ ಸಾಮಾನ್ಯವಾಗಿ 22.2 ಮಿ.ಮೀ.ಗೆ, ಬಿಗಿಯಾಗಿ ಕೂರಬೇಕು. ನುಣುಪಾದ ಅರಗು ಬೆವರಿನ ಕೈಗೆ ಜಾರುವುದರಿಂದ ಸುತ್ತಲೂ ಗೀರುಗಳನ್ನು ಕೊರೆಸುವುದನ್ನು ಮರೆಯಬೇಡಿ. ಬಣ್ಣ ಒಂದೇ ಇರಲಿ, ಆಟಿಕೆಯ ಕೆಂಪು ಹಳದಿಗಳೆಲ್ಲ ಇಲ್ಲಿ ಬೇಡ.

ತಲೆಕೊಳವೆಯ ಮೇಲಿನ ಹೆಸರಿನ ಬಿಲ್ಲೆಯ ವಿಷಯದಲ್ಲಿ ನನ್ನದು ಕಟ್ಟುನಿಟ್ಟಿನ ಅಭಿಪ್ರಾಯ: ಹೆಸರಿಲ್ಲದ ಫ್ರೇಮಿಗೆ ಪ್ರಸಿದ್ಧ ಕಂಪನಿಯ ನಕಲಿ ಬಿಲ್ಲೆ ಅಂಟಿಸುವುದು ಸುಳ್ಳು ಹೇಳಿದಂತೆ. ಒಂದು ತೆಳು ಹಿತ್ತಾಳೆ ತಗಡನ್ನು ಅಂಡಾಕಾರಕ್ಕೆ ಕತ್ತರಿಸಿ, ಅರದಿಂದ ಅಂಚು ನಯಮಾಡಿ, ಪಾತ್ರೆ ಅಂಗಡಿಯ ಮುಂದೆ ಕುಳಿತು ಮದುವೆಯ ಪಾತ್ರೆಗಳಿಗೆ ಹೆಸರು ಕೊರೆಯುವವರ ಹತ್ತಿರ ನಿಮ್ಮ ಹೆಸರನ್ನೋ ಊರಿನ ಹೆಸರನ್ನೋ ಕೊರೆಸಿ. ನಾನು ಹೋದಾಗ ಆತ ತಗಡನ್ನು ತಿರುಗಿಸಿ ಮುರುಗಿಸಿ ನೋಡಿ, ‘ಕೊಟ್ಟವರ ಹೆಸರು ಯಾರು, ತಗೊಂಡವರ ಹೆಸರು ಯಾರು?’ ಎಂದು ಕೇಳಿದ. ಸೈಕಲ್ಲಿಗೆಂದು ಹೇಳಿದ ಮೇಲೆ ನಕ್ಕು, ಸುತ್ತಲೂ ಒಂದು ಬಳ್ಳಿಯನ್ನು ತಾನಾಗಿಯೇ ಬಿಡಿಸಿ ಕೊಟ್ಟ. ತಗಡನ್ನು ಕೊಳವೆಯ ದುಂಡಿಗೆ ಬಗ್ಗಿಸುವುದು ಕೊರೆಸಿದ ಮೇಲೆಯೇ. ಬಗ್ಗಿದ ತಗಡಿನ ಮೇಲೆ ಉಳಿ ನಿಲ್ಲುವುದಿಲ್ಲ.

ಕೊನೆಗೆ ಬಣ್ಣ

ಎಲ್ಲವನ್ನೂ ಮತ್ತೆ ಬಿಚ್ಚಿ, ಬಾಟಮ್ ಬ್ರಾಕೆಟ್ಟಿನ ಮರೆ, ಹ್ಯಾಂಡಲ್ಲಿನ ಬಾಲ್ಸ್ ಕಪ್ಪು ಕೂರುವ ಜಾಗ, ಫೋರ್ಕಿನ ಮರೆ ಇವಿಷ್ಟಕ್ಕೂ ಟೇಪು ಸುತ್ತಿ ಬಣ್ಣಕ್ಕೆ ಕೊಡಿ. ಪೌಡರ್ ಕೋಟಿಂಗ್ ಗಟ್ಟಿ, ಒಂದೇ ದಿನದ ಕೆಲಸ, ಆದರೆ ದಪ್ಪವಾಗಿ ಕೂತು ಲಗ್ಗುಗಳ ಚೂಪಾದ ಅಂಚನ್ನು ಮುಚ್ಚಿಬಿಡುತ್ತದೆ. ಎನಾಮೆಲ್ ನಿಧಾನ, ಗಟ್ಟಿಯಾಗಲು ವಾರಗಳೇ ಬೇಕು, ಆದರೆ ಹಳೆಯ ಕಾಲದ ಆಳವಾದ ಹೊಳಪು ಅದಕ್ಕೆ ಮಾತ್ರ ಇದೆ. ನನ್ನ ಒಲವು ಕಪ್ಪು ಎನಾಮೆಲ್ಲಿನ ಕಡೆಗೆ. ಸ್ಪರ್ಧೆಗೆ ಕನಿಷ್ಠ ಒಂದು ತಿಂಗಳು ಮುಂಚೆ ಬಣ್ಣ ಮುಗಿದಿರಲಿ.

ಬಾರುಗಳ ಉದ್ದಕ್ಕೂ ಓಡುವ ಹೊನ್ನಿನ ಗೆರೆಗಳನ್ನು ಸ್ಟಿಕ್ಕರಿನಲ್ಲಿ ಮಾಡುವವರಿದ್ದಾರೆ. ಎರಡು ಅಡಿ ದೂರದಿಂದಲೇ ಅದು ತಿಳಿದುಬಿಡುತ್ತದೆ. ಲಾರಿಗೆ, ಅಂಗಡಿಯ ಬೋರ್ಡಿಗೆ ಬರೆಯುವ ಪೇಂಟರುಗಳ ಹತ್ತಿರ ಉದ್ದ ಕೂದಲಿನ ಕುಂಚ ಇರುತ್ತದೆ. ಅದನ್ನು ಎನಾಮೆಲ್ಲಿನಲ್ಲಿ ಅದ್ದಿ, ಕಿರುಬೆರಳನ್ನು ಕೊಳವೆಗೆ ಆನಿಸಿ, ಉಸಿರು ಬಿಗಿಹಿಡಿದು ಒಂದೇ ಎಳೆತಕ್ಕೆ ಎಳೆಯಬೇಕು. ಮೊದಲು ಖಾಲಿ ಗಾಜಿನ ಬಾಟಲಿಯ ಮೇಲೆ ಅಭ್ಯಾಸ ಮಾಡಿ. ತಪ್ಪಿದರೆ ಒರೆಸಿ ಮತ್ತೆ ಎಳೆಯಬಹುದು. ಗೆರೆ ಅಲ್ಲಲ್ಲಿ ಕೊಂಚ ನಡುಗಿದರೂ ಬಿಡಿ, ಹಳೆಯ ಸೈಕಲ್ಲುಗಳ ಗೆರೆಗಳೂ ಕೈಯಿಂದಲೇ ಎಳೆದವು.

ಕೊನೆಯ ಜೋಡಣೆಯಲ್ಲಿ ಎರಡು ಕಾಟರ್ ಪಿನ್ನುಗಳು ಪರಸ್ಪರ ಎದುರು ದಿಕ್ಕಿನಲ್ಲಿ ಕೂರಬೇಕು, ಇಲ್ಲವಾದರೆ ಪೆಡಲುಗಳು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಚೈನಿಗೆ ನಡುವಿನಲ್ಲಿ ಅರ್ಧ ಇಂಚಿನಷ್ಟು ಸಡಿಲ ಇರಲಿ. ಮೊದಲ 30 ಕಿ.ಮೀ. ಆದ ಮೇಲೆ ಕಾಟರ್ ಪಿನ್ನು, ಕಡ್ಡಿ, ಕೋಸ್ಟರ್ ತೋಳಿನ ಪಟ್ಟಿ ಈ ಮೂರನ್ನೂ ಮತ್ತೊಮ್ಮೆ ಬಿಗಿಮಾಡಿ. ಸ್ಪರ್ಧೆಯ ಬೆಳಿಗ್ಗೆ ಸೈಕಲ್ಲನ್ನು ಗಾಡಿಯಲ್ಲಿ ಹೇರಿಕೊಂಡು ಹೋಗುವ ಬದಲು, ದೂರ ಹತ್ತು ಹದಿನೈದು ಕಿ.ಮೀ. ಒಳಗಿದ್ದರೆ, ಓಡಿಸಿಕೊಂಡೇ ಹೋಗಿ. ಜೇಬಿನಲ್ಲಿ ಒಂದು ಪಾನಾ, ಬಿಡಿ ಕಾಟರ್ ಪಿನ್ನು, ಪಂಚರಿನ ತುಂಡು ಮತ್ತು ಟೈರಿನ ಧೂಳು ಒರೆಸಲು ಒಂದು ಹಳೆಯ ಬನಿಯನ್ನು ಇರಲಿ. ಫೋಟೋಗಳ ಪುಸ್ತಕವನ್ನು ಮಾತ್ರ ಮನೆಯಲ್ಲಿ ಮರೆಯಬೇಡಿ, ತೀರ್ಪುಗಾರರು ಮೊದಲು ಕೇಳುವುದು ಅದನ್ನೇ.